ಓಟಿಪಿ ಯಾರಿಗೂ ಹೇಳಿಲ್ಲ, ಆದರೂ ಖಾತೆಯಿಂದ ದುಡ್ಡು ಹೋಗುತ್ತಾ?

ಹೋಗುತ್ತದೆ. ಇದನ್ನು ಕೇಳುವವರು ಸಾಮಾನ್ಯವಾಗಿ ಹುಷಾರಾಗಿರುವ ಜನವೇ. ಓಟಿಪಿ ಹೇಳಬೇಡಿ ಅಂತ ಬ್ಯಾಂಕಿನವರು ವರ್ಷಗಟ್ಟಲೆ ಹೇಳುತ್ತಾ ಬಂದಿದ್ದಾರೆ, ಹಾಗಾಗಿ ಅದೊಂದು ಪಾಲಿಸಿದರೆ ಸಾಕು ಅನ್ನೋ ಧೈರ್ಯ ನಮಗೆಲ್ಲ ಬಂದುಬಿಟ್ಟಿದೆ. ಕಳ್ಳರಿಗೂ ಇದು ಗೊತ್ತು. ಈಗ ಎಷ್ಟೋ ಸಲ ಅವರು ಓಟಿಪಿ ಕೇಳುವುದೇ ಇಲ್ಲ. ನಿಮ್ಮ ಮೊಬೈಲ್‌ನಿಂದ ತಾವೇ ಓದಿಕೊಳ್ಳುತ್ತಾರೆ.

ವಾಟ್ಸಾಪ್‌ಗೆ ಒಂದು ಫೈಲ್ ಬರುತ್ತದೆ. ಮದುವೆ ಆಮಂತ್ರಣ, ಆರ್‌ಟಿಓ ಚಲನ್, ಬ್ಯಾಂಕ್ ಕೆವೈಸಿ, ಹೀಗೆ ಏನಾದರೊಂದು ಹೆಸರು. ಕಳಿಸಿದ್ದು ಸೋದರಮಾವನ ನಂಬರ್‌ನಿಂದಲೇ ಇರಬಹುದು. ಅವರ ವಾಟ್ಸಾಪ್ ಮೊದಲೇ ಕಳ್ಳರ ಕೈಗೆ ಸಿಕ್ಕಿ, ಅಲ್ಲಿಂದ ಊರಿನವರಿಗೆಲ್ಲ ಅದೇ ಫೈಲ್ ಹೋಗಿರುತ್ತದೆ, ಅವರಿಗೆ ಅದರ ಸುಳಿವೂ ಇರುವುದಿಲ್ಲ. ಫೈಲ್ ಹೆಸರಿನ ಕೊನೆಯ ಅಕ್ಷರಗಳನ್ನು ನೋಡಿ. ಎಪಿಕೆ (.apk) ಅಂತಿದ್ದರೆ ಅದು ಪತ್ರವೂ ಅಲ್ಲ, ಫೋಟೋನೂ ಅಲ್ಲ, ಆಂಡ್ರಾಯ್ಡ್ ಆ್ಯಪ್.

ಮುಟ್ಟಿದ ಕೂಡಲೇ ದುಡ್ಡು ಹೋಗುವುದಿಲ್ಲ, ತಡೆಯಲು ನಿಮಗೆ ಒಂದೆರಡು ಅವಕಾಶ ಸಿಗುತ್ತದೆ. ಪ್ಲೇ ಸ್ಟೋರ್‌ನ ಹೊರಗಿನ ಆ್ಯಪ್ ಇದು, ಹಾಕಬೇಕಾ ಅಂತ ಮೊಬೈಲ್ ಕೇಳುತ್ತದೆ. ಒಪ್ಪಿದರೆ ಆ್ಯಪ್ ನಿಮ್ಮ ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಮದುವೆ ಕರೆಯೋಲೆಗೆ ನಿಮ್ಮ ಎಸ್‌ಎಂಎಸ್ ಯಾಕೆ ಬೇಕು? ಅಲ್ಲೇ ನಿಲ್ಲಿಸಿ. ಅದಕ್ಕೂ ಒಪ್ಪಿದರೆ ಎಷ್ಟೋ ಸಲ ಒಂದು ಫಾರ್ಮ್ ತೆರೆದುಕೊಳ್ಳುತ್ತದೆ, ಒಂದು ರೂಪಾಯಿ ಕಟ್ಟಿ ಅಂತ ಕಾರ್ಡ್ ನಂಬರೋ ನೆಟ್ ಬ್ಯಾಂಕಿಂಗ್ ಪಾಸ್‌ವರ್ಡೋ ಕೇಳುತ್ತದೆ, ಆಮೇಲೆ ಬರುವ ಓಟಿಪಿ ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಕಳ್ಳರಿಗೆ ತಲುಪಿರುತ್ತದೆ. ಆ್ಯಪ್‌ನ ಗುರುತು ಪರದೆಯಿಂದ ಮಾಯವಾಗುವುದೂ ಉಂಟು.

ಇನ್ನೊಂದು ದಾರಿ ಸ್ಕ್ರೀನ್ ಶೇರ್. ಕಸ್ಟಮರ್ ಕೇರ್ ಅಂತ ಹೇಳಿಕೊಂಡವರು ನಿಮ್ಮ ಪರದೆ ದೂರದಿಂದಲೇ ಕಾಣುವ ಎನಿಡೆಸ್ಕ್ ಅನ್ನೋ ಆ್ಯಪ್ ಹಾಕಿಸುತ್ತಾರೆ, ಇಲ್ಲವೇ ವಾಟ್ಸಾಪ್ ವಿಡಿಯೋ ಕಾಲ್‌ನಲ್ಲೇ ಪರದೆ ತೋರಿಸಿ ಅನ್ನುತ್ತಾರೆ. ಓಟಿಪಿ ಬಂದಾಗ ನೀವು ಬಾಯಿ ಬಿಡಬೇಕಾಗಿಲ್ಲ, ಅವರಿಗೆ ಕಾಣುತ್ತಿರುತ್ತದೆ. ಇಂಥವರು ಸಿಗುವುದು ಜಾಸ್ತಿ ಗೂಗಲ್‌ನಲ್ಲಿ ಸಹಾಯವಾಣಿ ನಂಬರ್ ಹುಡುಕಿದಾಗ. ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರ್‌ಗೇ ಫೋನ್ ಮಾಡಿ. ಬ್ಯಾಂಕಿನ ವೆಬ್‌ಸೈಟ್‌ಗೆ ಹೋಗುವಾಗ ವಿಳಾಸದ ಕೊನೆ ನೋಡಿಕೊಳ್ಳಿ. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ ‘ಡಾಟ್ ಬ್ಯಾಂಕ್ ಡಾಟ್ ಇನ್’ (.bank.in) ವಿಳಾಸಕ್ಕೆ ಬರಬೇಕು ಅಂತ ಆರ್‌ಬಿಐ ಹೇಳಿತ್ತು.

ಓಟಿಪಿಯೇ ಇಲ್ಲದೆ, ಆಧಾರ್ ಬೆರಳಚ್ಚಿನಿಂದ ದುಡ್ಡು ತೆಗೆದ ಪ್ರಕರಣಗಳೂ ಇವೆ. ಬೆರಳಚ್ಚು ದಿನಾ ಬೇಕಾಗುವುದಿಲ್ಲ ಅಲ್ವಾ? ಆಧಾರ್ ಕೊಡುವ ಯುಐಡಿಎಐ ವೆಬ್‌ಸೈಟ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡಿ, ಬೇಕಾದಾಗ ತೆಗೆಯಬಹುದು. ಹಾಗೇ, ಕಾರಣವಿಲ್ಲದೆ ಮೊಬೈಲ್ ನೆಟ್‌ವರ್ಕ್ ಗಂಟೆಗಟ್ಟಲೆ ಹೋದರೆ ಸುಮ್ನೆ ಕೂರಬೇಡಿ. ನಿಮ್ಮ ನಂಬರ್‌ಗೆ ಬೇರೆ ಯಾರೋ ಸಿಮ್ ತೆಗೆದುಕೊಂಡಿರಬಹುದು, ಕಂಪನಿಗೆ ಕೇಳಿ.

ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳಬೇಕಾದ್ದು ಇದು: ನಿವೃತ್ತಿ ದುಡ್ಡು, ಮಗಳ ಮದುವೆ ದುಡ್ಡು ಇರುವ ಖಾತೆಯನ್ನು ದಿನಾ ಹಾಲು ತರಕಾರಿಗೆ ಬಳಸುವ ಯುಪಿಐಗೆ ಜೋಡಿಸಬೇಡಿ. ಯುಪಿಐಗೆ ಬೇರೆ ಖಾತೆ ಇಡಿ, ಅದರಲ್ಲಿ ಸ್ವಲ್ಪವೇ ದುಡ್ಡಿರಲಿ. ಎಫ್‌ಡಿ ಸುರಕ್ಷಿತ ಅಂದುಕೊಳ್ಳುತ್ತೇವೆ, ಆದರೆ ಆನ್‌ಲೈನ್‌ನಲ್ಲೇ ಮುರಿಯಬಹುದಾದ ಎಫ್‌ಡಿಯನ್ನು ಕಳ್ಳರೂ ಮುರಿಯುತ್ತಾರೆ. ಶಾಖೆಗೆ ಬಂದರೆ ಮಾತ್ರ ಮುರಿಯುವ ಹಾಗೆ ಮಾಡಿಕೊಡಿ ಅಂತ ಬ್ಯಾಂಕಿನಲ್ಲಿ ಕೇಳಿ ನೋಡಿ. ಕಾರ್ಡಿನ ವಿದೇಶಿ ವ್ಯವಹಾರವನ್ನು ಬ್ಯಾಂಕಿನ ಆ್ಯಪ್‌ನಲ್ಲೇ ಬಂದ್ ಮಾಡಬಹುದು, ದಿನದ ಮಿತಿ ಇಳಿಸಬಹುದು.

ದುಡ್ಡು ಹೋಗಿಯೇ ಬಿಟ್ಟರೆ? ಮೊದಲು ಆ ಮೊಬೈಲ್ ಅನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆಫ್ ಮಾಡಿ. ಬೇರೆ ಫೋನ್‌ನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ, ಕಾರ್ಡ್, ಯುಪಿಐ ಎಲ್ಲ ನಿಲ್ಲಿಸಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕಳ್ಳರು ದುಡ್ಡನ್ನು ಖಾತೆಯಿಂದ ಖಾತೆಗೆ ದಾಟಿಸುತ್ತಾ ಹೋಗುತ್ತಾರೆ, ಬೇಗ ಹೇಳಿದಷ್ಟೂ ಮಧ್ಯದಲ್ಲಿ ಹಿಡಿಯುವ ಸಾಧ್ಯತೆ ಹೆಚ್ಚು. ಮಾನ ಹೋಗುತ್ತದೆ, ಮಕ್ಕಳು ಬೈಯುತ್ತಾರೆ ಅಂತ ಒಂದು ರಾತ್ರಿ ಕಾಯುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಕಾಯಬೇಡಿ.

ಕಾಯಬಾರದು ಅನ್ನುವುದಕ್ಕೆ ಇನ್ನೂ ಒಂದು ಕಾರಣ ಇದೆ. 2017ರಲ್ಲಿ ಆರ್‌ಬಿಐ ತಂದ ನಿಯಮದ ಪ್ರಕಾರ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅನ್ನುವಾಗ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬರುವುದಿಲ್ಲ. ಎಪಿಕೆ ಹಾಕಿದ್ದು ನಿಮ್ಮದೇ ಅಜಾಗರೂಕತೆ ಅಂತ ಬ್ಯಾಂಕ್ ವಾದಿಸಬಹುದು, ಅದು ಸಾಬೀತಾದರೆ ದೂರು ಕೊಡುವವರೆಗಿನ ನಷ್ಟ ನಿಮ್ಮದಾಗುತ್ತದೆ. ಆದರೆ ನೀವು ತಿಳಿಸಿದ ಮೇಲೂ ಖಾತೆಯಿಂದ ದುಡ್ಡು ಹೋದರೆ ಅದನ್ನು ಬ್ಯಾಂಕೇ ಹೊರಬೇಕು. ಅದಕ್ಕೇ ದೂರಿನ ನಂಬರ್ ಮತ್ತು ಕೊಟ್ಟ ಸಮಯ ಬರೆದಿಟ್ಟುಕೊಳ್ಳಿ. 30 ದಿನಗಳಲ್ಲಿ ಬ್ಯಾಂಕ್ ಉತ್ತರ ಕೊಡದಿದ್ದರೆ, ಇಲ್ಲವೇ ಕೊಟ್ಟ ಉತ್ತರ ಸರಿ ಕಾಣದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಕಾಗಿಲ್ಲ.