ಗುಜರಿಯಂಗಳದ ಮೋಹ: ಹಳೆಯ ಅಮೆರಿಕನ್ ಕಾರುಗಳಿಗೆ ಜನ ಮನಸೋತ ಬಗೆ

ಹಳೆಯ ಅಮೆರಿಕನ್ ಕಾರು ಎಂದೊಡನೆ ಹಲವರ ಕಣ್ಣ ಮುಂದೆ ಬರುವುದು 1959ರ ಕ್ಯಾಡಿಲಾಕ್: ಗುಲಾಬಿ ಬಣ್ಣ, ಕನ್ನಡಿಯಂತೆ ಹೊಳೆಯುವ ಕ್ರೋಮ್, ಹಿಂಬದಿಯಲ್ಲಿ ಮೀನಿನ ಬಾಲದಂತೆ ಎದ್ದುನಿಂತ ಎರಡು ರೆಕ್ಕೆಗಳು. ಕ್ಯಾಲೆಂಡರುಗಳೂ ಜಾಹೀರಾತುಗಳೂ ಅದನ್ನೇ ತೋರಿಸುತ್ತ ಬಂದಿರುವುದರಿಂದ, ಈ ಕಾರುಗಳ ಮೇಲಿನ ಮೋಹ ಅವುಗಳ ಬೆಡಗಿನಿಂದಲೇ ಹುಟ್ಟಿತೆಂದು ನಂಬುವುದು ಸುಲಭ. ಚರಿತ್ರೆಯನ್ನು ಕೆದಕಿದರೆ ಕಾಣುವುದು ಬೇರೆ. ಶೋರೂಮಿನ ಮೆಟ್ಟಿಲು ಹತ್ತುವಷ್ಟು ದುಡ್ಡಿಲ್ಲದ ಹುಡುಗನೊಬ್ಬ, ಯಾರಿಗೂ ಬೇಡವಾಗಿ ಗುಜರಿ ಸೇರಲಿದ್ದ ಗಾಡಿಯನ್ನು ಚಿಲ್ಲರೆ ಬೆಲೆಗೆ ಕೊಂಡು, ಬಿಚ್ಚಿ, ಕೆಡಿಸಿ, ಮತ್ತೆ ಕೂಡಿಸಿದಾಗ ಈ ಪ್ರೀತಿ ಮೊಳೆಯಿತು. ಮುಂದೆ ಒಂದೊಂದು ತಲೆಮಾರಿನಲ್ಲೂ ಬೇರೆ ಬೇರೆ ಕಾರುಗಳ ವಿಷಯದಲ್ಲಿ ಅದೇ ಕಥೆ ನಡೆಯಿತು.

ಮೊದಲ ಕಂತು ಫೋರ್ಡ್ ಮಾಡೆಲ್ ಟಿ ಕಾರಿನದು. 1908ರಲ್ಲಿ 850 ಡಾಲರಿಗೆ ಮಾರಾಟಕ್ಕೆ ಬಂದ ಈ ಗಾಡಿ, 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಶುರುವಾದ ಮೇಲೆ ಅಗ್ಗವಾಗುತ್ತ ಹೋಗಿ, 1920ರ ದಶಕದ ನಡುವಿನಲ್ಲಿ 300 ಡಾಲರಿಗಿಂತಲೂ ಕೆಳಗಿಳಿಯಿತು. 1927ರಲ್ಲಿ ತಯಾರಿಕೆ ನಿಲ್ಲುವಷ್ಟರಲ್ಲಿ ಒಂದೂವರೆ ಕೋಟಿ ಕಾರುಗಳು ಹೊರಬಿದ್ದಿದ್ದವು. ಅದನ್ನು ಓಡಿಸುವುದೇ ಒಂದು ವಿದ್ಯೆ. ಕಾಲಡಿಯಲ್ಲಿ ಮೂರು ಪೆಡಲುಗಳಿದ್ದರೂ ಅವುಗಳಲ್ಲಿ ಒಂದೂ ಆಕ್ಸಿಲರೇಟರ್ ಅಲ್ಲ: ಎಡಗಡೆಯದು ಗೇರಿಗೆ, ನಡುವಿನದು ರಿವರ್ಸಿಗೆ, ಬಲಗಡೆಯದು ಬ್ರೇಕಿಗೆ. ವೇಗ ಹೆಚ್ಚಿಸಬೇಕಾದರೆ ಸ್ಟಿಯರಿಂಗಿನ ಕೆಳಗಿದ್ದ ಸಣ್ಣ ಕಡ್ಡಿಯೊಂದನ್ನು ಬೆರಳಿನಿಂದ ಎಳೆಯಬೇಕು. ಪೆಟ್ರೋಲ್ ಟ್ಯಾಂಕು ಸೀಟಿನ ಅಡಿಯಲ್ಲಿತ್ತು. ಪಂಪು ಇಲ್ಲದ ಕಾರಣ ಪೆಟ್ರೋಲು ತನ್ನ ಭಾರಕ್ಕೆ ತಾನೇ ಇಳಿದು ಎಂಜಿನ್ ಸೇರಬೇಕಿತ್ತು. ಟ್ಯಾಂಕು ಅರೆಬರೆಯಾಗಿದ್ದಾಗ ಕಡಿದಾದ ಏರು ಸಿಕ್ಕರೆ, ಮುಂಭಾಗದ ಎಂಜಿನ್ ಟ್ಯಾಂಕಿಗಿಂತ ಮೇಲಕ್ಕೆದ್ದು ಪೆಟ್ರೋಲಿನ ಹರಿವು ನಿಂತುಬಿಡುತ್ತಿತ್ತು. ಆಗ ಚಾಲಕ ಗಾಡಿಯನ್ನು ಹಿಂದುಮುಂದಾಗಿ ತಿರುಗಿಸಿ ರಿವರ್ಸಿನಲ್ಲೇ ಗುಡ್ಡ ಹತ್ತುತ್ತಿದ್ದ. ಇಂಥ ಕಾರಿನ ಮಾಲೀಕನಿಗೆ ಅದರ ಹೊಟ್ಟೆಯೊಳಗಿನ ಸಂಗತಿ ಗೊತ್ತಿರದೆ ವಿಧಿಯೇ ಇರಲಿಲ್ಲ. ಬಿಡಿಭಾಗಗಳು ಅಂಚೆಯಲ್ಲಿ ಮನೆಬಾಗಿಲಿಗೆ ಬರುತ್ತಿದ್ದವು, ರಿಪೇರಿಯನ್ನು ಹಳ್ಳಿಯ ಕಮ್ಮಾರನೂ ಮಾಡಬಲ್ಲವನಾಗಿದ್ದ.

1930ರ ದಶಕದ ಆರ್ಥಿಕ ಕುಸಿತದ ಹೊತ್ತಿಗೆ ಇವು ಕವಡೆ ಬೆಲೆಗೆ ಇಳಿದಿದ್ದವು. ಆಗ ಪ್ರೀತಿ ಎರಡು ಕವಲಾಗಿ ಒಡೆಯಿತು. ಒಂದು ಕಡೆ, ಕಣ್ಣೆದುರೇ ಗುಜರಿಯಾಗುತ್ತಿದ್ದ ಮೊದಲ ತಲೆಮಾರಿನ ಗಾಡಿಗಳನ್ನು ಇದ್ದಂತೆಯೇ ಉಳಿಸಬೇಕೆಂದವರು 1935ರಲ್ಲಿ ಫಿಲಡೆಲ್ಫಿಯಾದಲ್ಲಿ ಆಂಟಿಕ್ ಆಟೊಮೊಬೈಲ್ ಕ್ಲಬ್ ಆಫ್ ಅಮೆರಿಕವನ್ನು ಕಟ್ಟಿದರು. ಇನ್ನೊಂದು ಕಡೆ, ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಅದೇ ಹಳೆಯ ಫೋರ್ಡುಗಳ ಮಡ್‌ಗಾರ್ಡು, ಬಾನೆಟ್ಟು, ಹಿಂದಿನ ಸೀಟು ಎಲ್ಲವನ್ನೂ ಕಿತ್ತೆಸೆದು, ಹಗುರಾದ ಗಾಡಿಯನ್ನು ಮ್ಯೂರಾಕ್‌ನಂಥ ಒಣಗಿದ ಕೆರೆಯಂಗಳಗಳಲ್ಲಿ ಓಡಿಸಿ ಯಾರ ವೇಗ ಎಷ್ಟೆಂದು ಪಣ ಕಟ್ಟುತ್ತಿದ್ದರು. ಆ ಓಟಗಳ ಸಮಯ ಅಳೆಯಲೆಂದೇ 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಸ್ಥಾಪನೆಯಾಯಿತು. ಹಿತ್ತಾಳೆ ದೀಪವನ್ನು ಒರೆಸಿ ಇಡುವವನಿಗೆ ಇವರು ಕಟುಕರಂತೆ ಕಂಡರು, ಇವರಿಗೆ ಅವನು ಹೆಣ ಕಾಯುವವನಂತೆ ಕಂಡ. ಈ ಜಗಳ ಇಂದಿಗೂ ಮುಗಿದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಕಾರನ್ನು ಹೆಚ್ಚು ಬಲ್ಲವರು ಎರಡನೆಯ ಗುಂಪಿನವರು. ಮೊದಲನೆಯವರು ಇರದಿದ್ದರೆ ಮಾತ್ರ ನಮಗೆ ನೋಡಲು ಏನೂ ಉಳಿಯುತ್ತಿರಲಿಲ್ಲ.

ಈ ಹುಡುಗರ ಆರಾಧ್ಯ ಗಾಡಿ 1932ರ ಫೋರ್ಡ್. ಸಾಮಾನ್ಯ ಜನ ಕೊಳ್ಳಬಲ್ಲ ಬೆಲೆಯ ಕಾರಿನಲ್ಲಿ ವಿ8, ಅಂದರೆ ‘V’ ಆಕಾರದಲ್ಲಿ ಎಂಟು ಸಿಲಿಂಡರುಗಳಿರುವ, ಎಂಜಿನನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಕೂರಿಸಿದ್ದು ಅದೇ ಮೊದಲು. ಹೊಸದರಲ್ಲಿ ಅದರ ಶಕ್ತಿ 65 ಹಾರ್ಸ್‌ಪವರ್. ಸುಟ್ಟ ಹೊಗೆಯನ್ನು ಬ್ಲಾಕಿನ, ಅಂದರೆ ಸಿಲಿಂಡರುಗಳನ್ನು ಹೊತ್ತ ಎರಕದ ಮೈಯ, ಒಳಗಿಂದಲೇ ಹಾಯಿಸಿ ಹೊರಬಿಡುತ್ತಿದ್ದುದರಿಂದ ಎಂಜಿನ್ ಬೇಗ ಕಾಯುತ್ತಿತ್ತು, ಕೆಲವೊಮ್ಮೆ ಬ್ಲಾಕೇ ಬಿರುಕು ಬಿಡುತ್ತಿತ್ತು. ಆದರೂ ಅದರಲ್ಲಿ ಸುಧಾರಣೆಗೆ ಎಡೆಯಿತ್ತು. ಸಿಲಿಂಡರ್ ಬೋರ್ ಮಾಡಿಸಿ, ಒಂದರ ಬದಲು ಎರಡು ಕಾರ್ಬುರೇಟರ್ ಕೂರಿಸಿ, ಕ್ಯಾಮ್‌ಶಾಫ್ಟ್ ಬದಲಿಸಿದರೆ ಕಾರ್ಖಾನೆ ಕೊಟ್ಟದ್ದಕ್ಕಿಂತ ಎಷ್ಟೋ ಹೆಚ್ಚು ಶಕ್ತಿಯನ್ನು ಅದರಿಂದ ಹಿಂಡಬಹುದಿತ್ತು. ವಿಕ್ ಎಡಲ್‌ಬ್ರಾಕ್ ಅವರಂಥವರು ಮೊದಲು ತಮ್ಮ ಗಾಡಿಗೆಂದು ಮಾಡಿಕೊಂಡ ಅಲ್ಯೂಮಿನಿಯಂ ಮ್ಯಾನಿಫೋಲ್ಡುಗಳನ್ನು (ಕಾರ್ಬುರೇಟರಿನಿಂದ ಸಿಲಿಂಡರುಗಳಿಗೆ ಇಂಧನ ಒಯ್ಯುವ ಕೊಳವೆಗಳನ್ನು) ಮುಂದೆ ಇತರರಿಗೂ ಮಾರತೊಡಗಿದರು. ಹೀಗೆ ಹಿತ್ತಲ ಶೆಡ್ಡುಗಳಿಂದ ಒಂದು ಉದ್ಯಮವೇ ಎದ್ದಿತು.

ಎರಡನೆಯ ಮಹಾಯುದ್ಧ ಈ ಹವ್ಯಾಸವನ್ನು ಮೊದಲು ತಡೆಯಿತು, ಆಮೇಲೆ ಹತ್ತು ಪಟ್ಟು ಬೆಳೆಸಿತು. 1942ರ ಫೆಬ್ರುವರಿಯಲ್ಲಿ ನಾಗರಿಕರಿಗಾಗಿ ಕಾರು ತಯಾರಿಸುವುದು ನಿಂತಿತು, ಪೆಟ್ರೋಲಿಗೆ ರೇಷನ್ ಬಂತು, ಅದೆಷ್ಟೋ ಹಳೆಯ ಗಾಡಿಗಳು ಕಬ್ಬಿಣದ ಲೆಕ್ಕದಲ್ಲಿ ಕರಗಿಹೋದವು. ಯುದ್ಧ ಮುಗಿದಾಗ ವಿಮಾನ, ಟ್ಯಾಂಕುಗಳನ್ನು ರಿಪೇರಿ ಮಾಡಿ ಕೈ ಪಳಗಿಸಿಕೊಂಡ ಲಕ್ಷಾಂತರ ಯುವಕರು ಕಿಸೆಯಲ್ಲಿ ಒಂದಿಷ್ಟು ಹಣದೊಂದಿಗೆ ಮನೆಗೆ ಮರಳಿದರು. ಸೇನೆಗೆ ಬೇಡವಾದ ಸಾಮಗ್ರಿಯೂ ಅವರ ಹಿಂದೆಯೇ ಮಾರುಕಟ್ಟೆಗೆ ಬಂತು. ಇಲ್ಲಿ ಲಾಕ್‌ಹೀಡ್ ಪಿ-38 ಎಂಬ ಒಂದೇ ಯುದ್ಧವಿಮಾನ ಎರಡು ದಾರಿಯಿಂದ ಕಾರಿನ ಚರಿತ್ರೆಯೊಳಗೆ ನುಗ್ಗಿದ್ದು ಸ್ವಾರಸ್ಯದ ಸಂಗತಿ. ಅದರ ಜೋಡಿ ಬಾಲವನ್ನು ಕಂಡ ಜನರಲ್ ಮೋಟಾರ್ಸ್‌ನ ವಿನ್ಯಾಸಕಾರರು 1948ರ ಕ್ಯಾಡಿಲಾಕ್‌ಗೆ ಪುಟ್ಟ ರೆಕ್ಕೆ ಮೂಡಿಸಿದರು. ಅದೇ ವಿಮಾನ ರೆಕ್ಕೆಯಡಿ ಹೊತ್ತೊಯ್ಯುತ್ತಿದ್ದ, ನೀರಹನಿಯ ಆಕಾರದ ಹೆಚ್ಚುವರಿ ಇಂಧನದ ಟ್ಯಾಂಕನ್ನು ಬಿಲ್ ಬರ್ಕ್ ಎಂಬ ಹವ್ಯಾಸಿ ಗುಜರಿ ಬೆಲೆಗೆ ತಂದು, ಒಳಗೆ ಫೋರ್ಡ್ ಎಂಜಿನ್ ಕೂರಿಸಿ, ನಾಲ್ಕು ಚಕ್ರ ಹಾಕಿ ಓಟದ ಗಾಡಿ ಮಾಡಿಕೊಂಡ. ಶ್ರೀಮಂತರ ಶೋರೂಮಿಗೆ ವಿಮಾನದ ಬಾಲ ಹೋಯಿತು, ಬಡವರ ಗ್ಯಾರೇಜಿಗೆ ಅದರ ಟ್ಯಾಂಕು ಬಂತು. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್, ಹೀಗೆ ವೇಗಕ್ಕೆಂದು ಮಾರ್ಪಡಿಸಿದ ಹಳೆಯ ಗಾಡಿಗಳಿಗಿದ್ದ ಹೆಸರನ್ನೇ ಇಟ್ಟು, ‘ಹಾಟ್ ರಾಡ್’ ಮಾಸಿಕವನ್ನು ಆರಂಭಿಸಿದರು, ಮರುವರ್ಷ ಯೂಟಾದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ವೇಗದ ಸ್ಪರ್ಧೆಗಳು ಶುರುವಾದವು.

ಹುಡುಗರಿಗೆ ಇಷ್ಟು ಅಗ್ಗಕ್ಕೆ ಕಾರು ಸಿಗುತ್ತಿದ್ದುದಾದರೂ ಹೇಗೆ? ಇದಕ್ಕೆ ಉತ್ತರ ಕಂಪನಿಗಳ ವ್ಯಾಪಾರದ ಜಾಣತನದಲ್ಲಿದೆ. ಜನರಲ್ ಮೋಟಾರ್ಸ್‌ನ ಆಲ್ಫ್ರೆಡ್ ಸ್ಲೋನ್ ಅವರು ವರ್ಷವರ್ಷವೂ ಕಾರಿನ ರೂಪ ಬದಲಿಸುವ ಪದ್ಧತಿಯನ್ನು ನೆಲೆಗೊಳಿಸಿದ್ದರು. ಅದಕ್ಕೆಂದೇ 1927ರಲ್ಲಿ ಹಾರ್ಲಿ ಅರ್ಲ್ ಅವರ ಕೈಕೆಳಗೆ ಪ್ರತ್ಯೇಕ ವಿನ್ಯಾಸ ವಿಭಾಗ ತೆರೆಯಲಾಗಿತ್ತು. ಕಳೆದ ವರ್ಷದ ಕಾರು ಚೆನ್ನಾಗಿಯೇ ಓಡುತ್ತಿದ್ದರೂ ನೆರೆಯವರ ಕಣ್ಣಿಗೆ ಹಳತಾಗಿ ಕಾಣಬೇಕು ಎಂಬುದೇ ಇದರ ಉದ್ದೇಶ. ಹೊಸದನ್ನು ಮಾರಲು ಹೂಡಿದ ಈ ಉಪಾಯವು ಗಟ್ಟಿಮುಟ್ಟಾದ ಹಳೆಯ ಕಾರುಗಳನ್ನು ಅಗ್ಗದಲ್ಲಿ ರಾಶಿ ಹಾಕಿತು. ಅದರ ಜತೆಗೆ, ಕಾರು ಗುರುತಿಸುವ ಒಂದು ವ್ಯಾಕರಣವನ್ನೂ ಹವ್ಯಾಸಿಗಳಿಗೆ ಕಲಿಸಿತು. ಷೆವರ್ಲೆಯ 1955, 1956, 1957ರ ಮಾದರಿಗಳನ್ನೇ ನೋಡಬಹುದು. ಪೆಟ್ರೋಲ್ ಹಾಕುವ ಬಾಯಿ ಮೊದಲನೆಯದರಲ್ಲಿ ಎಡಬದಿಯ ಪುಟ್ಟ ಮುಚ್ಚಳದ ಹಿಂದಿದೆ. ಎರಡನೆಯದರಲ್ಲಿ ಹಿಂದಿನ ಎಡ ದೀಪವನ್ನೇ ಸರಿಸಿದರೆ ಅದರ ಹಿಂದೆ ಸಿಗುತ್ತದೆ. ಮೂರನೆಯದರಲ್ಲಿ ಎಡ ರೆಕ್ಕೆಯ ಅಂಚಿನ ಕ್ರೋಮ್ ಪಟ್ಟಿಯಲ್ಲಿ ಅಡಗಿ ಕುಳಿತಿದೆ. ಗೊತ್ತಿಲ್ಲದವರು ಪೆಟ್ರೋಲ್ ಬಂಕಿನಲ್ಲಿ ಕಾರಿನ ಸುತ್ತ ಪ್ರದಕ್ಷಿಣೆ ಹಾಕಬೇಕಾದೀತು. ಇಂಥ ಗುಟ್ಟನ್ನು ಬಲ್ಲವನಿಗೆ ಆ ಕಾರು ತನ್ನದೆನಿಸುವುದು ಸಹಜವೇ.

1955ರಲ್ಲಿ ಇದೇ ಷೆವರ್ಲೆಗೆ ಬಂದ ‘ಸ್ಮಾಲ್ ಬ್ಲಾಕ್’ ವಿ8 ಎಂಜಿನ್ ಫೋರ್ಡಿನ ಹಳೆಯ ವಿ8ರ ಸ್ಥಾನವನ್ನು ಕಿತ್ತುಕೊಂಡಿತು. ಅದು ಹಗುರವಾಗಿತ್ತು, ಅಗ್ಗವಾಗಿತ್ತು, ದಶಕಗಳ ಕಾಲ ಅದರ ಎಷ್ಟೋ ಭಾಗಗಳು ಒಂದಕ್ಕೊಂದು ಹೊಂದುತ್ತಿದ್ದವು. 2011ರಲ್ಲಿ ಆ ವಂಶದ ಹತ್ತು ಕೋಟಿಯ ಎಂಜಿನ್ ತಯಾರಾಯಿತೆಂದು ಕಂಪನಿ ಘೋಷಿಸಿತು.

1964ರಲ್ಲಿ ಕಂಪನಿಗಳು ಈ ಹುಡುಗರ ವಿದ್ಯೆಯನ್ನು ತಾವೇ ಮಾರತೊಡಗಿದವು. ಪಾಂಟಿಯಾಕ್ ತನ್ನ ನಡುಗಾತ್ರದ ಕಾರಿಗೆ ದೊಡ್ಡ ಎಂಜಿನ್ ತುರುಕಿ ಜಿಟಿಒ ಎಂದು ಹೆಸರಿಟ್ಟಿತು. ಏಪ್ರಿಲ್ 17ರಂದು ಫೋರ್ಡ್ 2,368 ಡಾಲರಿನ ಮಸ್ಟಾಂಗನ್ನು ಬಿಡುಗಡೆ ಮಾಡಿತು, ಎರಡೇ ವರ್ಷದೊಳಗೆ ಹತ್ತು ಲಕ್ಷ ಮಸ್ಟಾಂಗುಗಳು ತಯಾರಾದವು. ಈ ಭರಾಟೆ ಹತ್ತು ವರ್ಷವೂ ಉಳಿಯಲಿಲ್ಲ. ವಿಮಾ ಕಂಪನಿಗಳು ಚಿಕ್ಕ ವಯಸ್ಸಿನ ಚಾಲಕರ ಕಂತನ್ನು ಏರಿಸಿದವು, 1970ರ ವಾಯುಮಾಲಿನ್ಯ ಕಾಯಿದೆಯ ಹಿನ್ನೆಲೆಯಲ್ಲಿ ಎಂಜಿನ್ನುಗಳ ಕಸುವನ್ನು ತಗ್ಗಿಸಲಾಯಿತು, 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹೇರಿದ ಮೇಲೆ ಬಂಕುಗಳ ಮುಂದೆ ಸರತಿ ಸಾಲು ಬೆಳೆಯಿತು. ಗ್ಯಾಲನ್ನಿಗೆ ಹತ್ತು ಮೈಲಿ ಕೊಡುವ ಕಾರನ್ನು ಯಾರು ಸಾಕುತ್ತಾರೆ? ಅವು ಹಿತ್ತಲ ಮೂಲೆ ಸೇರಿದವು, ಬೆಲೆ ನೆಲಕಚ್ಚಿತು; ಅಷ್ಟರಲ್ಲಿ ಹದಿನೆಂಟು ತುಂಬಿದ ಹೊಸ ಪೀಳಿಗೆಯ ಹುಡುಗರು ಬಂದು ಅವನ್ನು ಎಳೆದುಕೊಂಡು ಹೋದರು. 1971ರ ಪ್ಲಿಮತ್ ಹೆಮಿ ಕುಡಾ ಕನ್ವರ್ಟಿಬಲ್‌ಗೆ ಹೊಸದರಲ್ಲೇ ಗಿರಾಕಿಗಳು ಸಿಗದೆ, ತಯಾರಾದದ್ದು ಕೇವಲ ಹನ್ನೊಂದು. 2014ರ ಹರಾಜಿನಲ್ಲಿ ಅವುಗಳಲ್ಲೊಂದು 35 ಲಕ್ಷ ಡಾಲರಿಗೆ ಹೋಯಿತು. ಇಂಥ ಬೆಲೆ ಸುದ್ದಿಯಾಗುತ್ತದೆ ನಿಜ. ಆದರೆ ಆ ಬೆಲೆ ಕೊಡುವ ಅರುವತ್ತರ ಪ್ರಾಯದವರನ್ನು ಎಳೆಯುವುದು ಅವರು ಹದಿಹರೆಯದಲ್ಲಿ ಕಂಡ, ಅಥವಾ ಕೈತಪ್ಪಿಸಿಕೊಂಡ, ಕಾರಿನ ನೆನಪು.

ಲಾಸ್ ಏಂಜಲೀಸಿನ ಪೂರ್ವಭಾಗದ ಮೆಕ್ಸಿಕನ್ ಮೂಲದವರ ಕಥೆಯನ್ನು ಇದರಿಂದ ಬೇರೆಯಾಗಿಯೇ ಹೇಳಬೇಕು. ಬಿಳಿಯ ಹುಡುಗರು ವೇಗಕ್ಕೆ ಮಾರುಹೋದರೆ, ಇವರು ಹಳೆಯ ಷೆವರ್ಲೆಗಳನ್ನು ನೆಲ ಸವರುವಷ್ಟು ತಗ್ಗಿಸಿ, ವಿಟಿಯರ್ ಬುಲೆವಾರ್ಡಿನಲ್ಲಿ ಎಲ್ಲರೂ ನೋಡುವಂತೆ ಮೆಲ್ಲನೆ ಮೆರವಣಿಗೆ ಹೋಗುತ್ತಿದ್ದರು. ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿಗಿಂತ ಕೆಳಗೆ ಇಳಿಯಬಾರದೆಂದು 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು. ಅದಕ್ಕೆ ಉತ್ತರವಾಗಿ ರಾನ್ ಅಗೀರೆ ಎಂಬಾತ ವಿಮಾನದ ಹೈಡ್ರಾಲಿಕ್ ಪಂಪುಗಳನ್ನು ತನ್ನ ಕಾರಿಗೆ ಜೋಡಿಸಿದ: ಸ್ವಿಚ್ ಒತ್ತಿದರೆ ಗಾಡಿ ಏಳುತ್ತದೆ, ಪೊಲೀಸರು ಅತ್ತ ಹೋದ ಮೇಲೆ ಮತ್ತೆ ಕೂರುತ್ತದೆ. ಇಲ್ಲಿಯೂ ಯುದ್ಧವಿಮಾನದ ಗುಜರಿಯೇ ಕೆಲಸಕ್ಕೆ ಬಂತು. 2023ರಲ್ಲಿ ಅಂಗೀಕಾರವಾದ ಕಾನೂನಿನಿಂದಾಗಿ, 2024ರ ಜನವರಿಯಿಂದ ಇಂಥ ಮೆರವಣಿಗೆಗಳ ಮೇಲಿನ ನಿರ್ಬಂಧ ರಾಜ್ಯಾದ್ಯಂತ ತೆರವಾಗಿದೆ.

ಕ್ಯೂಬಾದಲ್ಲಿ ಪ್ರೀತಿಗೂ ಮೊದಲು ಬಂದದ್ದು ಅನಿವಾರ್ಯತೆ. 1959ರ ಕ್ರಾಂತಿಯ ನಂತರ ಅಮೆರಿಕ ವ್ಯಾಪಾರ ಕಡಿದುಕೊಂಡಿತು. ಹೊಸ ಕಾರುಗಳೂ ಬಿಡಿಭಾಗಗಳೂ ಬರುವುದು ನಿಂತು, 2011ರವರೆಗೆ ಕ್ರಾಂತಿಗೂ ಹಿಂದಿನ ಕಾರುಗಳನ್ನಷ್ಟೇ ಜನ ಮುಕ್ತವಾಗಿ ಕೊಳ್ಳಬಹುದು, ಮಾರಬಹುದು ಎಂಬ ಸ್ಥಿತಿ ಇತ್ತು. ಹವಾನಾದ ಜನ ‘ಅಲ್ಮೆಂದ್ರೋನ್’, ಅಂದರೆ ದೊಡ್ಡ ಬಾದಾಮಿ, ಎಂದು ಕರೆಯುವ ಆ ಗಾಡಿಗಳ ಹೊರಮೈ ಬ್ಯೂಯಿಕ್ ಆಗಿದ್ದರೂ ಬಾನೆಟ್ ಎತ್ತಿದರೆ ಸೋವಿಯತ್ ಎಂಜಿನ್ ಕಾಣಿಸೀತು. ಅಮೆರಿಕದ ಹವ್ಯಾಸಿಗಳು ಇದನ್ನು ಕಲಬೆರಕೆ ಎನ್ನಬಹುದು. ದಿನವೂ ಅದರಲ್ಲಿ ಬಾಡಿಗೆ ಹೊಡೆದು ಸಂಸಾರ ಸಾಕುವವನ ಮುಂದೆ ಆ ಮಾತು ನಿಲ್ಲುವುದಿಲ್ಲ.

ಭಾರತದ ಕಥೆ ಕ್ಯೂಬಾದ್ದಕ್ಕೆ ಹತ್ತಿರ. ಜನರಲ್ ಮೋಟಾರ್ಸ್ 1928ರಿಂದ ಮುಂಬಯಿಯ ಶಿವಡಿಯಲ್ಲಿ ಷೆವರ್ಲೆಗಳನ್ನು ಜೋಡಿಸುತ್ತಿತ್ತು. ಫೋರ್ಡ್ ಕೂಡ ಅಲ್ಲಿತ್ತು. ಬಿಡಿಭಾಗಗಳನ್ನು ತರಿಸಿ ಬರೀ ಜೋಡಿಸುವವರಿಗೆ ಇಲ್ಲಿ ಜಾಗವಿಲ್ಲ, ಇಲ್ಲೇ ತಯಾರಿಸುವವರಿಗಷ್ಟೇ ಅವಕಾಶ ಎಂಬ ನಿಲುವು 1953ರಲ್ಲಿ ಸುಂಕ ಆಯೋಗದಿಂದ ಬಂದ ಮೇಲೆ ಎರಡೂ ಕಂಪನಿಗಳು ಬಾಗಿಲು ಹಾಕಿದವು. ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಿದ್ದ ದೇಶದಲ್ಲಿ ಹಳೆಯದು ಅಗ್ಗವಾಗುವುದುಂಟೇ? ಹಾಗಾಗಿ ಹುಡುಗರ ಕೈಗೆ ಅದು ಸಿಗಲೇ ಇಲ್ಲ. ಟ್ಯಾಕ್ಸಿಯಾಗಿ ದುಡಿಯಿತು, ಇಲ್ಲವೇ ಅರಮನೆಗಳ, ಸಾಹುಕಾರರ ಕೊಟ್ಟಿಗೆಗಳಲ್ಲಿ ನಿಂತಿತು. ಆ ಕಾಲದ ಗುರುತು ನಮ್ಮ ಗ್ಯಾರೇಜುಗಳ ಭಾಷೆಯಲ್ಲಿ ಉಳಿದಿದೆ. ಸಿಲಿಂಡರುಗಳಿಗೆ ಸರದಿಯಂತೆ ಕಿಡಿಯ ವಿದ್ಯುತ್ತನ್ನು ಹಂಚುವ ಡಿಸ್ಟ್ರಿಬ್ಯೂಟರನ್ನು ಹಳೆಯ ಮೆಕ್ಯಾನಿಕ್ಕುಗಳು ಇಂದಿಗೂ ‘ಡೆಲ್ಕೊ’ ಎನ್ನುತ್ತಾರೆ. ಅದು 1909ರಲ್ಲಿ ಒಹಾಯೊದಲ್ಲಿ ಚಾರ್ಲ್ಸ್ ಕೆಟರಿಂಗ್ ಕಟ್ಟಿದ ಕಂಪನಿಯ ಹೆಸರಿನ ಮೊದಲಕ್ಷರಗಳಿಂದ ಆದ ಪದ.

ಪೆಟ್ರೋಲ್ ದುಬಾರಿಯಾದ ಮೇಲೆ ಇಲ್ಲಿನ ಅನೇಕ ಡಾಡ್ಜ್, ಪ್ಲಿಮತ್, ಷೆವರ್ಲೆಗಳಿಗೆ ಡೀಸೆಲ್ ಎಂಜಿನ್ ಕೂರಿಸಿದರು. ತೆಗೆದ ಎಂಜಿನ್ ಕೆ.ಜಿ. ಲೆಕ್ಕದಲ್ಲಿ ಮಾರಾಟವಾಯಿತು. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯನ್ನೂ, ಅದಕ್ಕೆ ‘ವಿಎ’ ಅಕ್ಷರವುಳ್ಳ ನಂಬರ್ ಪ್ಲೇಟನ್ನೂ ತಂದಿತು. ಆದರೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕೆಂಬ ಷರತ್ತು ಅದಕ್ಕಿದೆ. ಆದ್ದರಿಂದ ಅಜ್ಜನ ಕಾಲದ ಡಾಡ್ಜನ್ನು ಷೆಡ್ಡಿನಿಂದ ಹೊರತೆಗೆದ ಮೊಮ್ಮಗ ಈಗ ಅಜ್ಜ ತೂಕಕ್ಕೆ ಹಾಕಿದ್ದ ಪೆಟ್ರೋಲ್ ಎಂಜಿನ್ನಿನ ಜೋಡಿಯನ್ನು ಹುಡುಕಿಕೊಂಡು ಶಿವಾಜಿನಗರದ ಗುಜರಿ ಓಣಿಗಳನ್ನು ಅಲೆಯಬೇಕಾಗಿದೆ.