ಹಳೇ ಪದ್ಮಿನಿಗೆ ಪೇಂಟ್ ಹೊಡ್ಸೋಕೆ ಮುಂಚೆ ತುಕ್ಕಿನ ವಿಷ್ಯ ತಿಳ್ಕೊಳ್ಳಿ

ವರ್ಷಗಟ್ಟಲೆ ಶೆಡ್‌ನಲ್ಲಿ ಧೂಳು ತಿಂತಾ ನಿಂತಿರೋ ಪ್ರೀಮಿಯರ್ ಪದ್ಮಿನಿ ಕಾರು ಸಿಕ್ರೆ ಎಲ್ರೂ ಮೊದ್ಲು ಕೇಳೋದು ಇಂಜಿನ್ ಸ್ಟಾರ್ಟ್ ಆಗುತ್ತಾ ಅಂತ. ನಾನು ಮೊದ್ಲು ಬಗ್ಗಿ ನೋಡೋದು ಫ್ಲೋರು, ಡೋರ್ ಕೆಳಗಿನ ಅಂಚು, ಡಿಕ್ಕಿ ಮೂಲೆ. ಆ 1089 ಸಿಸಿ ಇಂಜಿನ್ ತುಂಬಾ ಸಿಂಪಲ್ಲು, ಜಾಮ್ ಆಗಿದ್ರೂ ಪ್ಲಗ್ ಬಿಚ್ಚಿ ಆಯಿಲ್ ಬಿಟ್ಟು ನೆನೆಯೋಕೆ ಬಿಟ್ರೆ ಎಷ್ಟೋ ಸಲ ಬಿಟ್ಕೊಳ್ಳುತ್ತೆ. ಬಾಡಿ ಹಂಗಲ್ಲ. ಲಾರಿ ಥರ ಬೇರೆ ಚಾಸಿ, ಅಂದ್ರೆ ಅಡಿ ಚೌಕಟ್ಟು, ಇದಕ್ಕಿಲ್ಲ, ಭಾರ ಹೊರೋದೇ ಬಾಡಿ ಶೀಟು, ಅದನ್ನ ತುಕ್ಕು ತಿಂದ್ರೆ ಅಂದದ ಜೊತೆ ಗಾಡಿ ಬಲಾನೂ ಹೋಯ್ತು.

ತುಕ್ಕು ಹಿಡಿಯೋದು ಅಂದ್ರೆ ಶೀಟ್ ಮೇಲೆ ಸಣ್ಣ ಸಣ್ಣ ಬ್ಯಾಟರಿ ಓಡ್ತಾ ಇದೆ ಅಂತಾನೇ ಅರ್ಥ. ಒಂದ್ ಜಾಗದಲ್ಲಿ ಕಬ್ಬಿಣ ಎಲೆಕ್ಟ್ರಾನ್ ಬಿಟ್ಕೊಟ್ಟು ಕರಗುತ್ತೆ, ಪಕ್ಕದ ಜಾಗದಲ್ಲಿ ಆಕ್ಸಿಜನ್ ಆ ಎಲೆಕ್ಟ್ರಾನ್ ತಗೊಳ್ಳುತ್ತೆ, ಸರ್ಕ್ಯೂಟ್ ಪೂರ್ತಿ ಮಾಡೋದು ನೀರು. ನೀರಲ್ಲಿ ಉಪ್ಪಿದ್ರೆ ಕರೆಂಟ್ ಇನ್ನೂ ಸಲೀಸಾಗಿ ಹರಿಯುತ್ತೆ, ಮಂಗ್ಳೂರು ಉಡುಪಿ ಕಡೆ ಕಡಲ ಗಾಳಿಗೆ ನಿಂತ ಗಾಡಿಗಳು ಬೇಗ ಹಾಳಾಗೋದು ಇದಕ್ಕೇ. ಮಜಾ ಏನಪ್ಪಾ ಅಂದ್ರೆ, ಕರಗೋದು ಆಕ್ಸಿಜನ್ ಕಮ್ಮಿ ಸಿಗೋ ಜಾಗ! ಅಂದ್ರೆ ಮಡ್‌ಗಾರ್ಡ್ ಒಳಗೆ ಮೆತ್ಕೊಂಡಿರೋ ಕೆಸರಿನ ಅಡಿ, ಎರಡು ಶೀಟ್ ಸೇರೋ ಸಂದಿ, ಪೇಂಟ್ ಅಡಿ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು, ಅದಕ್ಕೇ ಪೇಂಟ್ ಗುಳ್ಳೆ ಏಳೋದು. ಗುಳ್ಳೆ ಉಗುರಷ್ಟಿದ್ರೂ ಸ್ಕ್ರೂಡ್ರೈವರ್‌ನಿಂದ ಕೆರೆದು ನೋಡಿ, ಪದರ ಪದರ ಉದುರಿ ಅಂಗೈಯಗಲ ತೂತು ಬಿದ್ದಿರುತ್ತೆ.

ಹಂಗಾಗಿ ತುಕ್ಕಿನ ಮೇಲೇ ಪುಟ್ಟಿ ಮೆತ್ತಿ ಪೇಂಟ್ ಹೊಡೆಯೋದು ಶುದ್ಧ ದುಡ್ಡು ದಂಡ, ಒಳಗಡೆ ಬ್ಯಾಟರಿ ಓಡ್ತಾನೇ ಇರುತ್ತೆ. ತೂತು ಬಿದ್ದಿರೋ ಶೀಟ್ ಗಟ್ಟಿ ಕಬ್ಬಿಣ ಸಿಗೋವರ್ಗೂ ಕಟ್ ಮಾಡಿ ಹೊಸ ಶೀಟ್ ವೆಲ್ಡ್ ಮಾಡ್ಬೇಕು, ಒಂದೇ ಉಸಿರಿಗೆ ಎಳೆದ್ರೆ ಬಿಸಿಗೆ ಶೀಟ್ ಸೊಟ್ಟಗಾಗುತ್ತೆ, ಒಳ್ಳೆ ಟಿಂಕರಿಂಗ್ ಮೇಸ್ತ್ರಿ ಅಲ್ಲೊಂದು ಇಲ್ಲೊಂದು ಚುಕ್ಕೆ ಹಾಕ್ತಾ ಆರೋಕೆ ಬಿಟ್ಟು ಸೇರಿಸ್ತಾರೆ. ಮೇಲ್ಮೇಲಿನ ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಸಾಕು, ಅದು ತುಕ್ಕನ್ನ ಐರನ್ ಫಾಸ್ಫೇಟ್ ಮಾಡುತ್ತೆ.

ಬ್ರಾಕೆಟ್ಟು, ಹಿಂಜು ಥರ ಸಣ್ಣ ಕಬ್ಬಿಣದ ಪಾರ್ಟ್ಸ್‌ಗೆ ನನಗಿಷ್ಟ ಆಗೋದು ವಾಷಿಂಗ್ ಸೋಡಾ ನೀರು. ಬ್ಯಾಟರಿ ಚಾರ್ಜರ್ ನೆಗೆಟಿವ್ ವೈರ್ ಪಾರ್ಟ್‌ಗೆ, ಪಾಸಿಟಿವ್ ಒಂದು ಗುಜರಿ ಕಬ್ಬಿಣಕ್ಕೆ, ಎರಡೂ ಒಂದಕ್ಕೊಂದು ತಾಗದ ಹಾಗೆ ಆ ನೀರಲ್ಲಿ ಮುಳುಗಿಸಿ, ಈಗ ಎಲೆಕ್ಟ್ರಾನ್ ಹರಿಯೋದು ಪಾರ್ಟ್ ಕಡೆಗೆ, ತುಕ್ಕು ಸಡಿಲ ಆಗಿ ಬ್ರಷ್‌ಗೇ ಬಿದ್ದೋಗುತ್ತೆ. ಬರೋ ಗುಳ್ಳೆ ಹೈಡ್ರೋಜನ್, ಬೆಂಕಿ ಹತ್ಕೊಳ್ಳುತ್ತೆ, ಹೊರಗಡೆನೇ ಮಾಡಿ. ಗುಜರಿ ಬದ್ಲು ಸ್ಟೀಲ್ ಚಮಚ ಹಾಕಲೇಬೇಡಿ, ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತೆ. ಅಲ್ಯೂಮಿನಿಯಂ, ಕಾರ್ಬುರೇಟರ್ ಅಂತೂ ಮುಳುಗಿಸ್ಬೇಡಿ, ಸೋಡಾನೇ ಅದನ್ನ ತಿನ್ನುತ್ತೆ.

ಆಮೇಲೆ ಪೇಂಟ್‌ಗೆ ಮುಂಚಿನ ಕೋಟ್, ಝಿಂಕ್ ಪ್ರೈಮರ್. ಝಿಂಕ್‌ಗೆ ಎಲೆಕ್ಟ್ರಾನ್ ಬಿಟ್ಕೊಡೋಕೆ ಕಬ್ಬಿಣಕ್ಕಿಂತ ಆತುರ ಜಾಸ್ತಿ, ಗೀರು ಬಿದ್ರೂ ಮೊದ್ಲು ತಾನೇ ಕರಗಿ ಶೀಟ್ ಉಳಿಸುತ್ತೆ. ಡೋರ್ ಕೆಳಗೆ ನೀರು ಬಸಿಯೋ ಸಣ್ಣ ತೂತುಗಳಿರುತ್ವೆ, ಪೇಂಟ್ ಕೆಲ್ಸದಲ್ಲಿ ಅವು ಪುಟ್ಟಿ ತುಂಬಿ ಮುಚ್ಚೋಗೋದು ಮಾಮೂಲಿ, ಗಾಡಿ ವಾಪಸ್ ತಗೊಳ್ಳೋಕೆ ಮುಂಚೆ ಒಂದು ತಂತಿ ಹಾಕಿ ನೋಡ್ಬಿಡಿ.