ತೀರ್ಪುಗಳ ಹೆಸರು ಬಾಯಿಪಾಠವಾಗಿದೆ, ಉತ್ತರ ಮಾತ್ರ ಹೊಳೆಯುವುದಿಲ್ಲ: ಏನು ಮಾಡಬೇಕು?

ಪ್ರಶ್ನೆ: ನನ್ನ ಮಗಳು ಸಿಬಿಎಸ್‌ಇ 12ನೇ ತರಗತಿಯಲ್ಲಿ ಕಾನೂನು ಅಧ್ಯಯನವನ್ನು ಐಚ್ಛಿಕ ವಿಷಯವಾಗಿ ಓದುತ್ತಿದ್ದಾಳೆ. ಹತ್ತಾರು ತೀರ್ಪುಗಳ ಹೆಸರು, ವರ್ಷ ಅವಳಿಗೆ ಬಾಯಿಪಾಠ. ಆದರೆ ಒಂದು ಸನ್ನಿವೇಶ ಕೊಟ್ಟು, ‘ಇಲ್ಲಿ ಯಾರ ವಾದ ನಿಲ್ಲುತ್ತದೆ?’ ಎಂದು ಕೇಳಿದರೆ ತಡವರಿಸುತ್ತಾಳೆ. ನಮ್ಮ ಮನೆಯಲ್ಲಿ ಯಾರೂ ವಕೀಲರಿಲ್ಲ. ಅವಳಿಗೆ ಪುನರಾವರ್ತನೆ ಹೇಗೆ ಮಾಡಿಸುವುದು?

ಉತ್ತರ: ಮೊದಲು ಆ ಪಟ್ಟಿಯನ್ನು ಪಕ್ಕಕ್ಕಿಡಿ. ಗೈಡುಗಳ ಕೊನೆಯಲ್ಲಿ ಹೆಸರು, ವರ್ಷ, ಒಂದು ಸಾಲಿನ ತತ್ವ ಎಂದು ಮೂರು ಅಂಕಣ ಮಾಡಿ ಅಚ್ಚು ಹಾಕಿರುತ್ತಾರಲ್ಲ, ಅದರಷ್ಟು ಮೋಸದ ಪುಟ ಇನ್ನೊಂದಿಲ್ಲ. ಓದುವಾಗ ಎಲ್ಲವೂ ಗೊತ್ತು ಅನ್ನಿಸುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಎದುರಾಗುವುದು ಒಂದು ಜಗಳ. ಯಾರೋ ಯಾರಿಗೋ ಮಾತು ಕೊಟ್ಟಿರುತ್ತಾರೆ, ಯಾರದೋ ಕಾರ್ಖಾನೆಯಿಂದ ಏನೋ ಸೋರಿರುತ್ತದೆ. ಅದನ್ನು ಓದಿದ ಕೂಡಲೇ ಅಂಥದ್ದೇ ಇನ್ನೊಂದು ಜಗಳ ನೆನಪಿಗೆ ಬರಬೇಕು. ನಿಮ್ಮ ಮಗಳಿಗೆ ಹೆಸರಿನಿಂದ ಜಗಳಕ್ಕೆ ಹೋಗುವುದು ರೂಢಿಯಾಗಿದೆ, ಜಗಳದಿಂದ ಹೆಸರಿಗೆ ಬರುವುದು ರೂಢಿಯಾಗಿಲ್ಲ. ತೊಂದರೆ ಇರುವುದು ಇಷ್ಟೇ.

ಪ್ರತಿ ತೀರ್ಪನ್ನೂ ನಾಲ್ಕು ವಾಕ್ಯಗಳಲ್ಲಿ ಹೇಳಿಸಿ. ಏನು ನಡೆಯಿತು? ನ್ಯಾಯಾಲಯದ ಮುಂದೆ ಇದ್ದ ಪ್ರಶ್ನೆ ಯಾವುದು? ಅದಕ್ಕೆ ಕೊಟ್ಟ ಉತ್ತರವೇನು? ಯಾವ ಒಂದು ಸಂಗತಿ ಬೇರೆಯಾಗಿದ್ದರೆ ಉತ್ತರವೂ ಬೇರೆಯಾಗುತ್ತಿತ್ತು? ಮೊದಲ ಮೂರನ್ನು ಎಲ್ಲ ಶಾಲೆಗಳಲ್ಲೂ ಬರೆಸುತ್ತಾರೆ. ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ, ಸನ್ನಿವೇಶದ ಪ್ರಶ್ನೆಗಳಲ್ಲಿ ಪರೀಕ್ಷಿಸುವುದು ಮಾತ್ರ ಅದನ್ನೇ.

ಒಂದು ಉದಾಹರಣೆ ನೋಡೋಣ. ಗೌರಿ ದತ್ತ ಎಂಬವರ ಮನೆಯ ಹುಡುಗನೊಬ್ಬ ಓಡಿಹೋದ. ಅವರ ಬಳಿ ಮುನೀಮನಾಗಿದ್ದ, ಅಂದರೆ ಗುಮಾಸ್ತನಾಗಿದ್ದ ಲಾಲ್‌ಮನ್ ಶುಕ್ಲಾನನ್ನು ಹುಡುಕಲು ಹರಿದ್ವಾರದ ಕಡೆಗೆ ಕಳುಹಿಸಿದರು. ಅವನು ಹೋದ ಮೇಲೆ, ಹುಡುಗನನ್ನು ಪತ್ತೆ ಮಾಡಿದವರಿಗೆ 501 ರೂಪಾಯಿ ಬಹುಮಾನ ಎಂದು ಕರಪತ್ರ ಹಂಚಿದರು. ಶುಕ್ಲಾ ಹುಡುಗನನ್ನು ಪತ್ತೆ ಮಾಡಿದ, ಆದರೆ ಆಗ ಅವನಿಗೆ ಬಹುಮಾನದ ಸುದ್ದಿ ಗೊತ್ತಿರಲಿಲ್ಲ. ಆಮೇಲೆ ತಿಳಿದು ದಾವೆ ಹೂಡಿದ. 1913ರಲ್ಲಿ ಅಲಹಾಬಾದ್ ಹೈಕೋರ್ಟ್ ಅವನ ಬೇಡಿಕೆಯನ್ನು ತಳ್ಳಿಹಾಕಿತು. ಗೊತ್ತೇ ಇಲ್ಲದ ಪ್ರಸ್ತಾವವನ್ನು ಒಪ್ಪಿಕೊಳ್ಳಲು ಹೇಗೆ ಸಾಧ್ಯ? ಒಪ್ಪಿಗೆಯಿಲ್ಲದೆ ಕರಾರು ಎಲ್ಲಿಂದ ಬರಬೇಕು? ಇನ್ನು ನಾಲ್ಕನೆಯ ವಾಕ್ಯ: ಹುಡುಕುವ ಮೊದಲೇ ಕರಪತ್ರ ಅವನ ಕೈ ಸೇರಿದ್ದರೆ ಅವನ ವಾದಕ್ಕೆ ಬಲ ಬರುತ್ತಿತ್ತು.

ಹಾಗೆ ಬಲ ಬಂದ ಪ್ರಕರಣವೂ ಇದೆ. ಇನ್‌ಫ್ಲುಯೆಂಜಾ ಹಾವಳಿಯ ಕಾಲದಲ್ಲಿ ಲಂಡನ್ನಿನ ಕಾರ್ಬಾಲಿಕ್ ಸ್ಮೋಕ್ ಬಾಲ್ ಕಂಪನಿ ಒಂದು ಜಾಹೀರಾತು ಕೊಟ್ಟಿತು. ನಮ್ಮ ಸಾಧನವನ್ನು ಹೇಳಿದಂತೆ ಬಳಸಿಯೂ ಜ್ವರ ಬಂದರೆ 100 ಪೌಂಡ್ ಕೊಡುತ್ತೇವೆ, ನಮ್ಮ ಮಾತು ಪ್ರಾಮಾಣಿಕವೆಂದು ತೋರಿಸಲು 1,000 ಪೌಂಡ್ ಬ್ಯಾಂಕಿನಲ್ಲಿ ಇಟ್ಟಿದ್ದೇವೆ ಎಂದಿತು. ಕಾರ್ಲಿಲ್ ಎಂಬ ಮಹಿಳೆ ಜಾಹೀರಾತು ನೋಡಿ ಕೊಂಡರು, ಬಳಸಿದರು, ಜ್ವರವೂ ಬಂತು. ಕಂಪನಿ ಹಣ ಕೊಡಬೇಕಾಯಿತು. ಇಡೀ ಲೋಕಕ್ಕೆ ಮಾಡಿದ ಪ್ರಸ್ತಾವವನ್ನೂ ಅದರಲ್ಲಿ ಹೇಳಿದ ಕೆಲಸ ಮಾಡಿ ಒಪ್ಪಿಕೊಳ್ಳಬಹುದು ಎಂಬುದು ಇದರ ತತ್ವ. ಶುಕ್ಲಾ ಮತ್ತು ಕಾರ್ಲಿಲ್ ಇಬ್ಬರೂ ಹೇಳಿದ ಕೆಲಸ ಮಾಡಿದವರೇ. ಒಬ್ಬರಿಗೆ ಮೊದಲೇ ಗೊತ್ತಿತ್ತು, ಒಬ್ಬರಿಗೆ ಗೊತ್ತಿರಲಿಲ್ಲ. ಹೀಗೆ ಜೋಡಿಯಾಗಿ ಓದಿದಾಗ ತತ್ವ ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಕಣ್ಣಿಗೆ ಬೀಳುತ್ತದೆ. ಒಂಟಿ ತೀರ್ಪು ಓದಿದರೆ ಎಷ್ಟು ಸಲ ಓದಿದರೂ ಅದು ಕಾಣುವುದಿಲ್ಲ.

ಅಂದಹಾಗೆ, ಕಾರ್ಲಿಲ್ ತೀರ್ಪು ಬಂದದ್ದು 1892ರ ಡಿಸೆಂಬರ್‌ನಲ್ಲಿ. ಕಾನೂನು ವರದಿಯಲ್ಲಿ ಅಚ್ಚಾದದ್ದು 1893ರಲ್ಲಿ. ಒಂದು ಪುಸ್ತಕದಲ್ಲಿ ಒಂದು ವರ್ಷ, ಇನ್ನೊಂದರಲ್ಲಿ ಇನ್ನೊಂದು ವರ್ಷ ಕಂಡು ಮಕ್ಕಳು ಗಾಬರಿಯಾಗುತ್ತಾರೆ. ಗಾಬರಿ ಬೇಡ, ಶಾಲೆಯ ಪಠ್ಯದಲ್ಲಿರುವ ವರ್ಷವನ್ನೇ ಬರೆಯಲಿ.

ಇಷ್ಟಾದ ಮೇಲೆ ಪುಸ್ತಕ ಮುಚ್ಚಿಸಿ ಪರೀಕ್ಷೆಯನ್ನು ನೀವೇ ಮಾಡಬಹುದು. ಇದಕ್ಕೆ ಕಾನೂನು ಗೊತ್ತಿರಬೇಕಾಗಿಲ್ಲ, ಒಂದು ಸಂಗತಿಯನ್ನು ಬದಲಿಸಿ ‘ಈಗೇನು?’ ಎಂದು ಕೇಳುವ ತುಂಟತನ ಸಾಕು. ಮೈಸೂರಿನಲ್ಲಿ ಒಬ್ಬರ ನಾಯಿ ಕಳೆದುಹೋಯಿತು ಎಂದುಕೊಳ್ಳಿ. ಹುಡುಕಿ ತಂದುಕೊಟ್ಟವರಿಗೆ 5,000 ರೂಪಾಯಿ ಎಂದು ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದರು. ಪಕ್ಕದ ಬೀದಿಯವರು ಸಂದೇಶ ನೋಡದೆಯೇ ನಾಯಿಯನ್ನು ತಂದೊಪ್ಪಿಸಿ ಹೋದರು, ಸಂಜೆ ಸಂದೇಶ ಓದಿ ಹಣ ಕೇಳಿದರು. ಇದು ಶುಕ್ಲಾನ ಕಥೆ. ಸಂದೇಶ ಓದಿಯೇ ಹುಡುಕಲು ಹೊರಟಿದ್ದರೆ ಕಾರ್ಲಿಲ್. ನಾಯಿ ಸಿಕ್ಕಿದ ಮೇಲೆ, ಆದರೆ ಒಪ್ಪಿಸುವ ಮೊದಲು ಸಂದೇಶ ಓದಿದ್ದರೆ? ಇಲ್ಲಿ ಮಗಳು ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು. ಬಹುಮಾನ ಇಟ್ಟದ್ದು ಪತ್ತೆಹಚ್ಚಿದ್ದಕ್ಕೋ, ತಂದು ಒಪ್ಪಿಸುವುದಕ್ಕೋ ಎಂಬುದನ್ನು ಹಿಡಿದು ಎರಡೂ ಕಡೆ ವಾದಿಸಬಹುದು. ಇಂಥ ಕಡೆ ಎರಡೂ ವಾದ ಬರೆದು, ಒಂದನ್ನು ಕಾರಣಸಹಿತ ಆರಿಸಿಕೊಂಡ ಉತ್ತರವೇ ಒಳ್ಳೆಯ ಉತ್ತರ.

ಇನ್ನೊಂದು ಬದಲಾವಣೆ ಮಾಡಿ. ಸಂದೇಶ ಓದಿ ನಾಯಿಯನ್ನು ತಂದುಕೊಟ್ಟವಳು ಹದಿನಾರು ವರ್ಷದ ಹುಡುಗಿ. ಬಾಯಿಪಾಠ ಮಾಡಿದವರು ಕೂಡಲೇ ಮೊಹೊರಿ ಬೀಬಿ ಪ್ರಕರಣವನ್ನು ಹೇಳಿ, ಅಪ್ರಾಪ್ತರ ಕರಾರು ಶೂನ್ಯ, ಆದ್ದರಿಂದ ಹಣವಿಲ್ಲ ಎಂದು ಮುಗಿಸುತ್ತಾರೆ. 1903ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಾಲಯ) ತೀರ್ಮಾನಿಸಿದ ಆ ಜಗಳದಲ್ಲಿ ಕಲ್ಕತ್ತೆಯ ಧರ್ಮದಾಸ್ ಘೋಷ್ ಎಂಬ ಹುಡುಗ 20,000 ರೂಪಾಯಿಗೆ ಆಸ್ತಿ ಅಡವಿಟ್ಟಿದ್ದ. ಲೇವಾದೇವಿಗಾರನ ಕಡೆಯವರಿಗೆ ಅವನು ಇನ್ನೂ ಅಪ್ರಾಪ್ತನೆಂಬ ಮಾಹಿತಿಯೂ ಹೋಗಿತ್ತು. ಅಲ್ಲಿ ಹೊರೆ ಬೀಳುತ್ತಿದ್ದುದು ಹುಡುಗನ ಮೇಲೆ. ನಮ್ಮ ನಾಯಿಯ ಕಥೆಯಲ್ಲಿ ಹುಡುಗಿ ತನ್ನ ಪಾಲಿನ ಕೆಲಸ ಮುಗಿಸಿದ್ದಾಳೆ, ಬರಬೇಕಾದದ್ದು ಲಾಭ ಮಾತ್ರ. ಅಪ್ರಾಪ್ತರು ಸಾಲದ ಹಣ ಪೂರ್ತಿ ಕೊಟ್ಟು ಬರೆಸಿಕೊಂಡ ಅಡಮಾನವನ್ನು ಅವರ ಪರವಾಗಿ ಜಾರಿಗೊಳಿಸಬಹುದು ಎಂದು 1916ರಲ್ಲಿ ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ ಹೇಳಿದೆ. ಕಾನೂನು ಅಪ್ರಾಪ್ತರನ್ನು ಕಾಪಾಡಲು ಹೊರಟದ್ದು, ಅವರಿಗೆ ಸಲ್ಲಬೇಕಾದದ್ದನ್ನು ತಪ್ಪಿಸಲು ಅಲ್ಲ. ಒಂದು ಸಾಲಿನ ತತ್ವವನ್ನಷ್ಟೇ ಕಲಿತವರು ಮುಗ್ಗರಿಸುವುದು ಇಂಥ ಕಡೆಯೇ.

ಕರಾರಿನಲ್ಲಿ ಇನ್ನೊಂದು ಒಳ್ಳೆಯ ಜೋಡಿ ಬಾಲ್ಫೋರ್ ಮತ್ತು ಮೆರಿಟ್. 1919ರ ಬಾಲ್ಫೋರ್ ಪ್ರಕರಣದಲ್ಲಿ ಸಿಲೋನಿನಲ್ಲಿ ನೌಕರಿಯಲ್ಲಿದ್ದ ಗಂಡ, ಇಂಗ್ಲೆಂಡಿನಲ್ಲಿ ಉಳಿದ ಹೆಂಡತಿಗೆ ತಿಂಗಳಿಗೆ 30 ಪೌಂಡ್ ಕಳುಹಿಸುವೆನೆಂದು ಹೇಳಿದ್ದ. ಅದು ಸಂಸಾರದ ಮಾತು, ಕರಾರಲ್ಲ ಎಂದಿತು ನ್ಯಾಯಾಲಯ. 1970ರ ಮೆರಿಟ್ ಪ್ರಕರಣದ ಗಂಡ ಹೆಂಡತಿ ಆಗಲೇ ಬೇರೆಯಾಗಿದ್ದರು, ಮಾತು ಬರಹದಲ್ಲಿತ್ತು. ಅಲ್ಲಿ ಹೆಂಡತಿ ಗೆದ್ದಳು.

ಅಪಕೃತ್ಯಗಳ (ಟಾರ್ಟ್, ಅಂದರೆ ಪರಿಹಾರ ಕೇಳಬಹುದಾದ ಸಿವಿಲ್ ತಪ್ಪುಗಳ) ಪಾಠಕ್ಕೆ ಬಂದರೆ ಜೋಡಿ ಹುಡುಕಬೇಕಾಗಿಯೂ ಇಲ್ಲ. 1868ರ ರೈಲಾಂಡ್ಸ್ ಪ್ರಕರಣದಲ್ಲಿ ಒಬ್ಬನ ಜಲಾಶಯದ ನೀರು ನುಗ್ಗಿ ಪಕ್ಕದವನ ಗಣಿ ಮುಳುಗಿತು. ಅಪಾಯದ ವಸ್ತುವನ್ನು ತಂದಿಟ್ಟುಕೊಂಡವನು, ತನ್ನ ನಿರ್ಲಕ್ಷ್ಯ ಇಲ್ಲದಿದ್ದರೂ ನಷ್ಟ ತುಂಬಬೇಕು ಎಂಬ ತತ್ವ ಬಂತು. ಆದರೆ ದೈವಿಕ ವಿಪತ್ತು, ಮೂರನೆಯವರ ಕೃತ್ಯ ಮುಂತಾದ ವಿನಾಯಿತಿಗಳಿದ್ದವು. 1985ರ ಡಿಸೆಂಬರ್ 4ರಂದು ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ಭೋಪಾಲದ ದುರಂತಕ್ಕೆ ಆಗಷ್ಟೇ ಒಂದು ವರ್ಷ ತುಂಬಿತ್ತು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ, ಅಪಾಯಕಾರಿ ಉದ್ಯಮ ನಡೆಸುವವರಿಗೆ ಆ ವಿನಾಯಿತಿಗಳು ಸಿಗುವುದಿಲ್ಲ, ಉದ್ಯಮ ದೊಡ್ಡದಿದ್ದಷ್ಟೂ ಪರಿಹಾರವೂ ದೊಡ್ಡದು ಎಂದಿತು. ಭೋಪಾಲವನ್ನು ಪಕ್ಕದಲ್ಲಿಟ್ಟುಕೊಂಡರೆ ನ್ಯಾಯಾಲಯ ಹಳೆಯ ಇಂಗ್ಲಿಷ್ ತತ್ವವನ್ನು ಬಿಟ್ಟು ಮುಂದೆ ಹೋದದ್ದು ಏಕೆ ಎಂದು ಯಾರೂ ವಿವರಿಸಬೇಕಾಗಿಲ್ಲ. ಉತ್ತರದಲ್ಲಿ ಈ ತೀರ್ಪಿಗೆ ಬರೀ ‘ಎಂ.ಸಿ. ಮೆಹ್ತಾ ಪ್ರಕರಣ’ ಎಂದು ಬರೆದರೆ ಸಾಲದು. ಗಂಗಾ ಮಾಲಿನ್ಯ, ತಾಜ್ ಮಹಲ್ ಸುತ್ತಲಿನ ಕಾರ್ಖಾನೆಗಳು, ಎಲ್ಲ ಮೊಕದ್ದಮೆಗಳಿಗೂ ಅದೇ ವಕೀಲರ ಹೆಸರಿದೆ. ‘ಓಲಿಯಂ ಅನಿಲ’ ಎಂದು ಸೇರಿಸಲೇಬೇಕು.

ಸಂವಿಧಾನದ ತೀರ್ಪುಗಳನ್ನು ಜೋಡಿಯಾಗಿ ಅಲ್ಲ, ಸರಪಳಿಯಾಗಿ ಓದಬೇಕು. ಏಕೆಂದರೆ ಇಲ್ಲಿ ನ್ಯಾಯಾಲಯ ಮತ್ತು ಸಂಸತ್ತು ಒಂದಕ್ಕೊಂದು ಉತ್ತರ ಕೊಡುತ್ತಾ ಹೋಗುತ್ತವೆ. ಮೂಲಭೂತ ಹಕ್ಕುಗಳನ್ನು ಸಂಸತ್ತು ತಿದ್ದಬಹುದು ಎಂದು 1951ರಲ್ಲಿ ಶಂಕರಿ ಪ್ರಸಾದ್ ತೀರ್ಪು ಹೇಳಿತು. ಮೊಟಕುಗೊಳಿಸುವಂತಿಲ್ಲ ಎಂದು 1967ರಲ್ಲಿ ಗೋಲಕನಾಥ್ ಹೇಳಿತು. ಸಂಸತ್ತು 1971ರಲ್ಲಿ 24ನೇ ತಿದ್ದುಪಡಿ ತಂದು, ತಿದ್ದಬಹುದು ಎಂದು ಮತ್ತೆ ಬರೆದುಕೊಂಡಿತು. 1973ರ ಏಪ್ರಿಲ್ 24ರಂದು ಹದಿಮೂರು ನ್ಯಾಯಮೂರ್ತಿಗಳ ಪೀಠ ಏಳು ಆರರ ಬಹುಮತದಿಂದ, ತಿದ್ದಿ, ಆದರೆ ಸಂವಿಧಾನದ ಮೂಲ ರಚನೆಯನ್ನು ಮುಟ್ಟಬೇಡಿ ಎಂದಿತು. ಅದೇ ಕೇಶವಾನಂದ ಭಾರತಿ ಪ್ರಕರಣ. ಕಾಸರಗೋಡಿನ ಎಡನೀರು ಮಠದ, ಯಕ್ಷಗಾನವನ್ನು ಬಹುವಾಗಿ ಪ್ರೀತಿಸಿದ ಸ್ವಾಮೀಜಿ, ಕೇರಳದ ಭೂಸುಧಾರಣಾ ಕಾಯ್ದೆಯ ವಿರುದ್ಧ ಮಠದ ಭೂಮಿಗಾಗಿ ಹೋದ ಮೊಕದ್ದಮೆ ಅದು. ಮುಂದೆ 1976ರಲ್ಲಿ 42ನೇ ತಿದ್ದುಪಡಿ ಮತ್ತೆ ಕೈಚಾಚಿದಾಗ, 1980ರಲ್ಲಿ ಅದಕ್ಕೆ ತಡೆ ಹಾಕಿದ ಪ್ರಕರಣಕ್ಕೆ ಬೆಂಗಳೂರಿನ ಮಿನರ್ವ ಮಿಲ್ಸ್‌ನ ಹೆಸರು. ಹೀಗೆ ಮಾತಿಗೆ ಮಾತು ಎಂಬಂತೆ ಹೇಳಿಸಿದರೆ ಕ್ರಮ ತಪ್ಪುವುದಿಲ್ಲ, ಕ್ರಮ ಗೊತ್ತಿದ್ದರೆ ವರ್ಷಗಳೂ ಹೆಚ್ಚು ಕಡಿಮೆ ತಾವಾಗಿಯೇ ನಿಲ್ಲುತ್ತವೆ.

ಇಂಥ ಇನ್ನೊಂದು ಸರಪಳಿ ಕರ್ನಾಟಕದಿಂದಲೇ ಶುರುವಾಗುತ್ತದೆ. ಉತ್ತರ ಪ್ರದೇಶದ ಮೀರತ್‌ನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿಗೆ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ವರ್ಷಕ್ಕೆ 60,000 ರೂಪಾಯಿ ಶುಲ್ಕ ಹೇಳಿದರು. ಸರ್ಕಾರಿ ಸೀಟಿನವರಿಗೆ ಇದ್ದದ್ದು 2,000. ಶಿಕ್ಷಣ ಎಲ್ಲ ಹಂತದಲ್ಲೂ ಹಕ್ಕು ಎಂದಿತು 1992ರ ತೀರ್ಪು. ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಸೀಮಿತಗೊಳಿಸಿತು, ಆ ಮೇಲಿನದು ಸರ್ಕಾರದ ಆರ್ಥಿಕ ಶಕ್ತಿಗೆ ಬಿಟ್ಟದ್ದು ಎಂದಿತು. 2002ರ 86ನೇ ತಿದ್ದುಪಡಿ ಶಿಕ್ಷಣದ ಹಕ್ಕಿನ 21ಎ ವಿಧಿಯನ್ನು ಸೇರಿಸಿತು, 2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಬಂತು. ಈ ವಿಷಯದಲ್ಲಿ ಲಿಖಿತ ಪರೀಕ್ಷೆಗೆ 80 ಅಂಕ, ಪ್ರಾಜೆಕ್ಟ್‌ಗೆ 20 ಅಂಕ. ಪ್ರಾಜೆಕ್ಟ್‌ಗೆ ಏನು ಮಾಡಲಿ ಎಂದು ಅವಳು ಇನ್ನೂ ಯೋಚಿಸುತ್ತಿದ್ದರೆ ಈ ಸರಪಳಿಯನ್ನೇ ತೆಗೆದುಕೊಳ್ಳಲಿ.

ಖಾಸಗಿತನದ ಹಕ್ಕಿನ ತೀರ್ಪನ್ನೂ ಮರೆಯಬಾರದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಹೋಗಿದ್ದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದ ತೀರ್ಪು ಕೊಟ್ಟರು. ಒಂಬತ್ತೇ ಏಕೆ ಎಂದು ಮಗಳನ್ನು ಕೇಳಿ. 1954ರಲ್ಲಿ ಎಂಟು ಮಂದಿಯ ಪೀಠವೊಂದು ಬೇರೆ ಮಾತು ಹೇಳಿತ್ತು, ಅದನ್ನು ತಿರುವಿಹಾಕಲು ಅದಕ್ಕಿಂತ ದೊಡ್ಡ ಪೀಠವೇ ಬೇಕಿತ್ತು. ಪೂರ್ವನಿರ್ಣಯದ, ಅಂದರೆ ಹಿಂದಿನ ತೀರ್ಪನ್ನು ಮುಂದಿನವರು ಪಾಲಿಸಬೇಕೆಂಬ ನಿಯಮದ ಪಾಠ ಇಷ್ಟರಲ್ಲೇ ಇದೆ. ತುರ್ತು ಪರಿಸ್ಥಿತಿಯಲ್ಲಿ ಬಂಧಿತರಿಗೆ ನ್ಯಾಯಾಲಯದ ಬಾಗಿಲು ಮುಚ್ಚಿದ 1976ರ ಜಬಲ್ಪುರ ತೀರ್ಪನ್ನೂ ಇದೇ ಸಂದರ್ಭದಲ್ಲಿ ತಳ್ಳಿಹಾಕಲಾಯಿತು. 1976ರಲ್ಲಿ ಬಹುಮತದಲ್ಲಿದ್ದವರಲ್ಲಿ ವೈ.ವಿ. ಚಂದ್ರಚೂಡ್ ಒಬ್ಬರು. ಅದು ತಪ್ಪೆಂದು 2017ರಲ್ಲಿ ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್. 1976ರ ಆ ತೀರ್ಪಿಗೆ ಒಬ್ಬಂಟಿಯಾಗಿ ಭಿನ್ನಮತ ಬರೆದವರು ಎಚ್.ಆರ್. ಖನ್ನಾ. ಇದನ್ನು ಒಮ್ಮೆ ಕೇಳಿದ ಮಕ್ಕಳು ಮರೆಯುವುದಿಲ್ಲ.

ಲ್ಯಾಟಿನ್ ಸೂತ್ರಗಳಲ್ಲಿ ಎಲ್ಲರೂ ಅದಲುಬದಲು ಮಾಡುವುದು ಎರಡನ್ನು. ‘ಡ್ಯಾಮ್ನಮ್ ಸೈನೆ ಇಂಜೂರಿಯಾ’ ಎಂದರೆ ನಷ್ಟವಿದೆ, ಹಕ್ಕಿನ ಉಲ್ಲಂಘನೆಯಿಲ್ಲ. 1410ರಲ್ಲಿ ಗ್ಲಾಸ್ಟರ್‌ನಲ್ಲಿ ಎದುರಾಳಿ ಶಾಲೆ ತೆರೆದುದರಿಂದ ಹಳೆಯ ಶಾಲೆಯವರ ಆದಾಯ ಕುಸಿಯಿತು, ಆದರೂ ಪರಿಹಾರವಿಲ್ಲ. ‘ಇಂಜೂರಿಯಾ ಸೈನೆ ಡ್ಯಾಮ್ನೋ’ ಅದರ ತಿರುವು. 1703ರ ಆಶ್ಬಿ ಪ್ರಕರಣದಲ್ಲಿ ಆಶ್ಬಿ ಎಂಬವನಿಗೆ ಮತದಾನ ಮಾಡಲು ಬಿಡಲಿಲ್ಲ, ಅವನು ಬೆಂಬಲಿಸಿದ ಅಭ್ಯರ್ಥಿ ಗೆದ್ದದ್ದರಿಂದ ನಷ್ಟವೇನೂ ಆಗಲಿಲ್ಲ, ಆದರೂ ಪರಿಹಾರವಿದೆ. ಶಾಲೆ, ಮತ ಎಂಬ ಎರಡು ಗುರುತು ಸಾಕು.

ಇನ್ನು ದಿನಚರಿ. ಒಂದು ರಟ್ಟಿನ ಚೀಟಿಯ ಮುಂದೆ ಜಗಳವನ್ನು ಮಾತ್ರ ಬರೆಯಲಿ, ಹೆಸರು ಬೇಡ. ಹಿಂದೆ ಹೆಸರು, ತತ್ವ, ಜೋಡಿ ಪ್ರಕರಣ. ಅಡುಗೆ ಮಾಡುತ್ತಲೇ ನೀವು ಮುಂಭಾಗ ಓದಿ, ಅವಳು ಉತ್ತರ ಹೇಳಲಿ, ಹಿಂಭಾಗ ನೋಡಿ ನೀವೇ ತಾಳೆ ಹಾಕಿ. ಜಗಳವನ್ನು ಮನೆಯಲ್ಲಿ ಕನ್ನಡದಲ್ಲೇ ಹೇಳಲಿ, ತತ್ವದ ಸಾಲನ್ನು ಮಾತ್ರ ಪರೀಕ್ಷೆಯ ಭಾಷೆಯಲ್ಲಿ ಬರೆದು ನೋಡಲಿ. ಸರಿ ಹೇಳಿದ ಚೀಟಿಯನ್ನು ಒಂದು ವಾರ ಬಿಟ್ಟು, ಆಮೇಲೆ ತಿಂಗಳು ಬಿಟ್ಟು ಮತ್ತೆ ಕೇಳಿ. ತಪ್ಪಿದ್ದನ್ನು ಮರುದಿನವೇ ಕೇಳಿ. ಪುಟದ ತುಂಬ ಬಣ್ಣದ ಗೆರೆ ಎಳೆಯುವುದರಲ್ಲಿ ನನಗೆ ನಂಬಿಕೆಯಿಲ್ಲ. ಅದು ಓದಿದ ಸಮಾಧಾನವನ್ನು ಕೊಡುತ್ತದೆ, ಅಷ್ಟೇ. ಪರೀಕ್ಷೆಯಲ್ಲಿ ಹೆಸರು ಮರೆತರೂ ಕೈಚೆಲ್ಲುವುದು ಬೇಡ. ‘ಬಹುಮಾನದ ವಿಷಯ ತಿಳಿಯದ ಮುನೀಮನ ಪ್ರಕರಣ’ ಎಂದು ಬರೆದು ತತ್ವವನ್ನು ಸರಿಯಾಗಿ ಅನ್ವಯಿಸುವುದು, ತಪ್ಪು ಹೆಸರನ್ನು ಧೈರ್ಯವಾಗಿ ಬರೆಯುವುದಕ್ಕಿಂತ ಎಷ್ಟೋ ವಾಸಿ.

ಅಪರಾಧ ಕಾನೂನಿನ ಅಧ್ಯಾಯಕ್ಕೆ ಅಣ್ಣನದೋ ಅಕ್ಕನದೋ ಹಳೆಯ ನೋಟ್ಸ್ ಕೊಡಬೇಡಿ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಯ ಶಿಕ್ಷೆಯ ಸೆಕ್ಷನ್ 302 ಈಗ 103, ವಂಚನೆಯ 420 ಈಗ 318. ಹಳೆಯ ತೀರ್ಪುಗಳಲ್ಲಿ ಹಳೆಯ ಸಂಖ್ಯೆಗಳೇ ಇರುತ್ತವೆ, ಹಾಗಾಗಿ ಚೀಟಿಯ ಹಿಂಭಾಗದಲ್ಲಿ ಎರಡನ್ನೂ ಬರೆದಿಡಲಿ.